ಮಧ್ಯಾಹ್ನದ ಹಸಿವು

ಮಾರ್ಚ್ 5, ಬುಧವಾರ

ಸಂಡೂರಿನ ಚರ್ಚಿಗೆ ಹೋಗಿ ಹಣಿಗೆ ಬೂದಿ ಹಚ್ಚಿಸಿಕೊಂಡು ಬಂದೆ. ಹತ್ತಕ್ಕ ಹೊಲಿಗಿ ಮಿಷನ್ ಮುಂದ. ಮೂರು ಬ್ಲೌಸ್ ಬಾಕಿ. ಈಸ್ಟರ್ ಹಬ್ಬದ ತನಕ, ಈ ನಲವತ್ತು ದಿನದ ತಪಸ್ಸುಕಾಲ ಮುಗಿಯೋತನಕ ಮಧ್ಯಾಹ್ನದ ಊಟ ಬಿಡೋದು. ಫಾದರ್ ಹೇಳಿದ್ರು— "ಬರೇ ಹೊಟ್ಟಿ ಖಾಲಿ ಇಟ್ರ ಅದು ಡಯಟ್. ನಿಮ್ಮ ಹಸಿವಿನಾಗ ಇನ್ನೊಬ್ಬರ ಹಸಿವು ತಿಳೀಬೇಕು. ಅದು ಉಪವಾಸ."

ಮಾರ್ಚ್ 8, ಮಧ್ಯಾಹ್ನ 1.30

ಒಳಗಿನ ಖೋಲಿಯಾಗ ಸಪ್ಪಳ. ಸ್ಟೀಲ್ ತಾಟಿಗೆ ಚಮಚ ಬಡಿದಂಗ. ಟಣ್... ಟಣ್... ಹೋಗಿ ನೋಡಿದೆ. ಅತ್ತಿ ಮಂಚ ಖಾಲಿ. ಆಕಿ ಸತ್ತು ಏಳು ತಿಂಗಳಾತು. ಹೊಟ್ಟಿ ಖಾಲಿ ಇದ್ರ ಕಿವಿ ಹಿಂಗ ಆಗ್ತಾವೇನೋ.

ಮಾರ್ಚ್ 14

ದಿನಾ ಬರ್ತದ. ಅದೇ ಹೊತ್ತಿಗೆ. ಇವತ್ತು ತಡಿಯಲಾರದ ಉಂಡುಬಿಟ್ಟೆ. ಅನ್ನ, ಸಾರು. ಎರಡು ಸಲ ಹಾಕ್ಕೊಂಡೆ. ಹಸಿವು ಹಂಗ ಇತ್ತು. ಸಪ್ಪಳಾನೂ.

ಈ ಹಸಿವು ನಂದಲ್ಲ. ಯಾರದಂತ ಗೊತ್ತದ.

ಏಪ್ರಿಲ್ 2

ಬರೀಬಾರದು ಅಂದ್ಕೊಂಡಿದ್ದೆ. ಬರೀತೀನಿ.

ಅತ್ತಿ ಹಾಸಿಗಿ ಹಿಡಿದ ಮ್ಯಾಲ ಮಧ್ಯಾಹ್ನ ಊಟ ಕೊಡ್ತಿರಲಿಲ್ಲ ನಾನು. ಉಂಡ್ರ ಹಾಸಿಗಿ ಹೊಲಸು ಮಾಡ್ತಿದ್ದಳು. ದಿನಾ ತೊಳದು ತೊಳದು ಬ್ಯಾಸತ್ತಿದ್ದೆ. ಹಸಿದು ತಾಟು ಬಡೀತಿದ್ದಳು. ಕೇಳಬಾರದಂತ ನಾ ಮಿಷನ್ ಜೋರು ತುಳೀತಿದ್ದೆ. ಐದು ತಿಂಗಳು.

ಏಪ್ರಿಲ್ 6, ಭಾನುವಾರ

ಪಾಪನಿವೇದನೆ ಮಾಡಿದೆ. ಫಾದರ್ ಅಂದ್ರು— "ಆಕಿಗೆ ಕೊಡದ ಊಟ ಇನ್ನೂ ನಿನ್ನ ಕೈಯಾಗ ಅದಮ್ಮ. ಹಸಿದವರಿಗೆ ಮುಟ್ಟಿಸು."

ಮನಿಗೆ ಬಂದು ನಮ್ಮ ಮನಿಯವ್ರಿಗೂ ಹೇಳಿದೆ. ಮೈನ್ಸಿಗೆ ಸೆಕೆಂಡ್ ಶಿಫ್ಟ್, ಬೂಟು ಹಾಕ್ಕೊಳ್ತಿದ್ರು. ತಲಿ ಎತ್ತಲಿಲ್ಲ.

"ನಂಗ ಗೊತ್ತಿತ್ತು."

"ಮತ್ತ ಯಾಕ ಕೇಳಲಿಲ್ಲರಿ?"

"ಕೇಳಿದ್ರ ನಾ ತೊಳೀಬೇಕಾಗ್ತಿತ್ತು." ಲೇಸ್ ಬಿಗಿದ್ರು. "ಆ ಸಪ್ಪಳ ಕಂಪನಿ ಬಸ್ಸಿನಾಗೂ ಬರ್ತದ, ಚಂದ್ರಕಲಾ."

ಸಪ್ಪಳದ ಸುದ್ದಿ ನಾ ಅವ್ರ ಮುಂದ ಎತ್ತೇ ಇರಲಿಲ್ಲ.

ಏಪ್ರಿಲ್ 9

ಹಿಂದಿನ ಓಣಿ ಮುದುಕಪ್ಪಜ್ಜಗ ನನ್ನ ಮಧ್ಯಾಹ್ನದ ಊಟ ಒಯ್ದೆ. ಲಕ್ವ ಹೊಡೆದು ಎರಡು ವರ್ಷ, ಮಾತಿಲ್ಲ. ಮಗ-ಸೊಸಿ ಹಗಲೆಲ್ಲಾ ಕೂಲಿ. ರೊಟ್ಟಿ ಹಾಲಿನಾಗ ನೆನೆಸಿ ಉಣಿಸಿದೆ. ಹೊಲಸಾದ ಹಾಸಿಗಿ ತೊಳದೆ. ಇವ್ರೂ ಜೊತಿಗೆ ಬಂದು ನೀರು ಹಾಕಿದ್ರು.

ಏಪ್ರಿಲ್ 18, ಶುಭ ಶುಕ್ರವಾರ, ಮಧ್ಯಾಹ್ನ 2.15

ಅಜ್ಜಗ ಕಡೀ ತುತ್ತು ಇಟ್ಟೆ. ನುಂಗಿ ನನ್ನ ಮುಂಗೈ ಹಿಡಿದ. ಮಾತಾಡಿದ. ಹೆಂಗಸಿನ ದನಿ—

"ಸಾಕು ಚಂದ್ರಿ. ಹೊಟ್ಟಿ ತುಂಬ್ತು."

ನನ್ನ ಚಂದ್ರಿ ಅಂತಿದ್ದದ್ದು ಅತ್ತಿ ಒಬ್ಬಾಕಿನ.

ಇವ್ರು ಬಾಗಿಲಾಗ ನಿಂತಿದ್ರು. "ಅವ್ವಾ" ಅಂದ್ರು. ಅಜ್ಜ ಮೆಲ್ಲಕ ಅತ್ತ ಹೊಳ್ಳಿದ.

"ನೀ ಉಂಡೇನಪ್ಪಾ?"

ಇವ್ರು ಅಜ್ಜನ ಕಾಲ ಹತ್ರ ಹೋಗಿ ಕುಂತ್ರು. ನಾ ಮನಿಗೆ ಓಡಿ ಬಂದೆ. ಚರ್ಚಿನಾಗ ಶಿಲುಬೆಯ ಹಾದಿ ಪ್ರಾರ್ಥನೆಗೆ ಹೊತ್ತಾತು. ಹೋಗಿ ಕರೀಬೇಕು ಅವ್ರನ್ನ, ಆದ್ರ ಅಜ್ಜನ ಆ ಖೋಲಿಯಾಗ ಈಗ ಅತ್ತಿ ಅದಾಳ, ಮಗನ ಜೋಡಿ.