ಅಲೆ ಅಡಗಿದ ಮೇಲೆ

ಅತ್ತಿಗೆಗೆ ನಮಸ್ಕಾರ.

ನಡುಮನೆಯಲ್ಲಿ ತೂಗುಹಾಕಿರುವ ಕೆರೆಯ ಫೋಟೋ ದಯವಿಟ್ಟು ಇಳಿಸಿಬಿಡಿ. ಅದೇ ಮೊಳೆಗೆ ಸರಿಹೋಗುವಂತೆ ನಿಮ್ಮ ಮದುವೆಯ ಫೋಟೋಗೆ ಕಟ್ಟು ಹಾಕಿಸಿ ಕಳಿಸಿದ್ದೇನೆ.

ಅಣ್ಣ ಮುಳುಗಿದ ದಿನ ನಾನು ತೆಗೆಯಹೊರಟಿದ್ದ ಕೆರೆಯ ಚಿತ್ರದ ಬಲಕ್ಕೆ ಗುಡ್ಡದ ಭಾರ ಹೆಚ್ಚಾಗಿತ್ತು. ಸರಿತೂಗಿಸಲು ಎಡಕ್ಕೊಬ್ಬ ಮನುಷ್ಯ ಬೇಕೆಂದು, "ಆ ಬಂಡೆ ಮೇಲೆ ನಿಂತ್ಕೊ ಅಣ್ಣ" ಅಂದೆ. "ಪಾಚಿ ಕಟ್ಟಿದೆ ಕಣೋ" ಎನ್ನುತ್ತಲೇ ಹತ್ತಿದ. ಲೆನ್ಸ್ ಬದಲಿಸಿ ತಲೆಯೆತ್ತಿದರೆ ಬಂಡೆ ಖಾಲಿ. ನೀರಲ್ಲಿ ಉಂಗುರದ ಮೇಲೆ ಉಂಗುರ, ಗುಡ್ಡದ ಬಿಂಬ ಚೂರುಚೂರು. ಕೋಡಿಯ ಭೋರ್ಗರೆತದಲ್ಲಿ ಏನೂ ಕೇಳಿಸಿರಲಿಲ್ಲ. ಎಂದಿನಂತೆ ಕಲ್ಲೆಸೆದು, ನನ್ನ ಚಿತ್ರ ಕೆಡಿಸಿ, ಎಲ್ಲೋ ಅವಿತು ನಗುತ್ತಿದ್ದಾನೆಂದು ಬೈದುಕೊಂಡೆ.

ನೀವು ದಿನಾ ನೋಡುವ ಆ ಫೋಟೋ, ಅಲೆ ಪೂರ್ತಿ ಅಡಗುವವರೆಗೂ ನಾನು ಕಾದು ನಿಂತು ತೆಗೆದದ್ದು.

ನಿಮ್ಮ ಮೈದುನ