ಹುಸಿನೋವಿನ ಓಣಿಯಿಂದ ಪಕ್ಕದ ಮನೆಯವರಿಗೆ

ಭಟ್ಟಿ ಓಣಿ, ದಾವಣಗೆರೆ
ಫೆಬ್ರವರಿ 30, 2197

ಪ್ರೀತಿಯ ಹಿಂದಿನವರೇ,

ತಾರೀಖು ನೋಡಿ ನಗಬೇಡಿ. ಜನವರಿಯಿಂದ ಒಂದು ದಿನ, ಮಾರ್ಚಿನಿಂದ ಒಂದು ದಿನ ಕಿತ್ತುಕೊಂಡು ಫೆಬ್ರವರಿಗೆ ನ್ಯಾಯ ಮಾಡಿ ನಮ್ಮಲ್ಲಿ ಎಷ್ಟೋ ಕಾಲವಾಯಿತು. ಇದು ನನ್ನ ಕುಚೋದ್ಯವಲ್ಲ. ಹೀಗೆ ಹೇಳಬೇಕಾಗಿ ಬಂದದ್ದು ಯಾಕೆಂದರೆ, ಈ ಓಣಿಯಲ್ಲಿ ಮುರಿಗೆಪ್ಪಜ್ಜ ಬೆಳಗಾಯಿತು ಎಂದರೂ ಜನ ಕಿಟಕಿ ತೆಗೆದು ಸೂರ್ಯನನ್ನು ನೋಡಿಯೇ ನಂಬುತ್ತಾರೆ. ಆ ಮುರಿಗೆಪ್ಪಜ್ಜ ನಾನೇ. ಮಾತನ್ನು ತಿರುಚುವುದು, ಜನರನ್ನು ಬೇಸ್ತು ಬೀಳಿಸುವುದು ನನ್ನ ಹಳೆಯ ಕಸುಬು. ಇವತ್ತು ಮಾತ್ರ ನಾನೇ ಬೇಸ್ತು ಬಿದ್ದು ಕೂತಿದ್ದೇನೆ. ನನ್ನ ಕಾಲದ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಇದನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಅದು ಊರು ಮುಟ್ಟಿಸುತ್ತದೆ, ಮನೆ ಮುಟ್ಟಿಸುವುದಿಲ್ಲ. ಹಾಗಾಗಿ ಯಾರ ಕೈಗೆ ಸಿಕ್ಕಿತೋ ಅವರಿಗೇ ಬರೆದದ್ದು ಎಂದು ತಿಳಿಯಿರಿ.

ನಮ್ಮಲ್ಲಿ ಒಂದು ಮನೆಯಲ್ಲಿ ಬಸಿರೆಂದರೆ ಓಣಿಗೆಲ್ಲ ಬಸಿರು. ಗಂಡನ ಹೆಸರು ಏನೇ ಇರಲಿ, ಹೆರಿಗೆಯಾಗುವವರೆಗೆ ಅವನು ಬಸುರಪ್ಪ. ಈ ಹೆಸರು ನಾನು ತಮಾಷೆಗೆ ಇಟ್ಟದ್ದು, ಈಗ ಸರ್ಕಾರದ ಕಾಗದದಲ್ಲೂ ಸೇರಿಕೊಂಡಿದೆ. ಸುದ್ದಿ ತಿಳಿದ ದಿನವೇ ಅಗುಳಿ ತೆಗೆಯುವ ಶಾಸ್ತ್ರ. ಆ ಮನೆಯ ಬಾಗಿಲಿನ ಅಗುಳಿಯನ್ನು ಬಿಚ್ಚಿ, ಅರಿಶಿನ ಹಚ್ಚಿ, ಪಕ್ಕದ ಮನೆಯವರ ಕೈಗೆ ಕೊಡುತ್ತೇವೆ; ಮಗುವಿಗೆ ಹೆಸರಿಡುವವರೆಗೆ ಅದು ಅಲ್ಲೇ ಇರಬೇಕು, ಬಾಗಿಲು ತೆರೆದೇ ಇರಬೇಕು. ಆಮೇಲೆ ಪಾಳಿ. ಅಡುಗೆಗೆ ಒಬ್ಬರು, ಕಾಲೊತ್ತಲು ಒಬ್ಬರು, ದೊಡ್ಡ ಮಗುವನ್ನು ಶಾಲೆಗೆ ಬಿಡಲು ಒಬ್ಬರು, ಬಸುರಪ್ಪನ ಹೆದರಿಕೆಗಳನ್ನು ಕೇಳಿಸಿಕೊಳ್ಳಲು ಒಬ್ಬರು. ಇನ್ನೊಬ್ಬರು ಸುಮ್ಮನೆ ಪಕ್ಕದಲ್ಲಿ ಕೂರುತ್ತಾರೆ. ಅವರಿಗೆ ಕೂರಾಳು ಎನ್ನುತ್ತೇವೆ. ಕೂಲಿಯಾಳಲ್ಲ, ಕೂರಾಳು, ಕೂರುವುದೇ ಅವರ ಕೆಲಸ.

ಏಳನೆಯ ತಿಂಗಳಲ್ಲಿ ಹುಸಿನೋವು ಇರುತ್ತದೆ. ಬಸುರಿ ತನಗೆ ಬೇಕಾದ ದಿನ, ಯಾರಿಗೂ ಹೇಳದೆ, ಸ್ಟೀಲ್ ತಟ್ಟೆ ಬಡಿದು ನೋವು ನೋವು ಎಂದು ಕೂಗಬೇಕು. ಕೇಳಿದವರೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು ಓಡಬೇಕು. ತೇಲುಮಂಚ ತರಬೇಕು; ಅದು ನೆಲದಿಂದ ಮೊಳದೆತ್ತರ ತೇಲುವ ಮಂಚ, ಗುಂಡಿ ಬಿದ್ದ ರಸ್ತೆಯಲ್ಲೂ ಅಲುಗುವುದಿಲ್ಲ. ಅವಳನ್ನು ಮಲಗಿಸಿ ಹೆರಿಗೆಮನೆಯ ಬಾಗಿಲಿನವರೆಗೂ ಹೋಗಿ ವಾಪಸ್ ಬರಬೇಕು. ನಿಯಮ ಒಂದೇ: ಸುಳ್ಳೆಂದು ಗೊತ್ತಿದ್ದರೂ ಓಡು. ನೋವು ಅಂದರೆ ನಾವು. ಬಾರದವರು ಅಂದು ಎಲ್ಲರ ಪಾತ್ರೆ ತಿಕ್ಕಬೇಕು. ಆಮೇಲೆ ಮಂಡಕ್ಕಿ, ಮೆಣಸಿನಕಾಯಿ. ನನ್ನಂಥವನಿಗೆ ಇದಕ್ಕಿಂತ ದೊಡ್ಡ ಹಬ್ಬ ಇನ್ನಾವುದಿದೆ? ನಾನು ಓಣಿಯ ನಗೆಗಾರ. ಹತ್ತಿಯ ಮೀಸೆ ಅಂಟಿಸಿಕೊಂಡು ಡಾಕ್ಟರ ವೇಷ ಹಾಕುವವನು. ವರ್ಷಗಳು ಕಳೆದಂತೆ ಹುಸಿನೋವು ನಾಟಕವೇ ಆಗಿಬಿಟ್ಟಿತ್ತು. ಯಾರು ಚೆನ್ನಾಗಿ ನರಳಿದರು ಎಂದು ಚಪ್ಪಾಳೆ ತಟ್ಟುತ್ತಿದ್ದೆವು.

ಹೋದ ತಿಂಗಳು ನನ್ನ ಮೊಮ್ಮಗಳು ನೀಲಗಂಗೆಯ ಮನೆಯಿಂದ ತಟ್ಟೆ ಬಡಿದ ಸದ್ದು ಕೇಳಿತು. ಅವಳಿಗೆ ಏಳನೆಯ ತಿಂಗಳು ನಡೆಯುತ್ತಿತ್ತು. ಇಡೀ ಓಣಿ ನಗುತ್ತಾ ಓಡಿತು. ಪಕ್ಕದ ಮನೆಯ ಜೈಬುನಕ್ಕ ತೇಲುಮಂಚ ತಂದಳು. ಬಸುರಪ್ಪ ಚನ್ನವೀರನನ್ನು ಇಬ್ಬರು ಹಿಡಿದುಕೊಂಡರು. ನೀಲಿ ಹೊಸ್ತಿಲ ಮೇಲೆ ಕೂತು ಬಾಗಿಲ ಚೌಕಟ್ಟು ಕಚ್ಚುತ್ತಿದ್ದಳು.

"ಭಲೇ ನೀಲಿ! ಏನ್ ಪಾರ್ಟ್ ಮಾಡ್ತಾಳಲೇ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ನಗಬ್ಯಾಡ್ರೀ... ನಿಜವಾಗ್ಲೂ ನೋಯ್ತೈತೆ..."

ನಾವು ಇನ್ನೂ ಜೋರಾಗಿ ನಕ್ಕೆವು. ಹುಸಿನೋವಿನಲ್ಲಿ ಎಲ್ಲರೂ ಹೇಳುವುದು ಅದನ್ನೇ. ನಾನು ಮೀಸೆ ತಿರುವಿ, "ಎಲ್ಲಿ, ನಾಲಿಗೆ ತೋರ್ಸವ್ವ" ಎಂದೆ. ದಾರಿಯುದ್ದಕ್ಕೂ ಚಪ್ಪಾಳೆ. ಹೆರಿಗೆಮನೆಯ ಬಾಗಿಲಲ್ಲಿ ಸೂಲಗಿತ್ತಿ ಒಮ್ಮೆ ನೋಡಿದಳು, ನಗಲಿಲ್ಲ. ಮಂಚವನ್ನು ಒಳಗೆ ಎಳೆದುಕೊಂಡು ಬಾಗಿಲು ಮುಚ್ಚಿದಳು. ಆ ಮುಚ್ಚಿದ ಬಾಗಿಲ ಮುಂದೆ, ಮೀಸೆಯ ಸಮೇತ, ಇಡೀ ಓಣಿ ಬಾಯಿ ತೆರೆದುಕೊಂಡು ನಿಂತಿತು.

ಹೆಣ್ಣು ಮಗು. ನನ್ನ ಎರಡು ಅಂಗೈ ಸೇರಿಸಿದರೆ ಅದರಲ್ಲಿ ಮಲಗುವಷ್ಟು. ಈಗ ಎರಡನೆಯ ಒಡಲಿನಲ್ಲಿದೆ. ಅವಸರಪಟ್ಟು ಬಂದ ಮಕ್ಕಳನ್ನು ಬೆಳೆಸುವ ಬೆಚ್ಚನೆಯ ನೀರಿನ ಗೂಡು ಅದು. ಸ್ವಲ್ಪ ತಡವಾಗಿದ್ದರೂ ತಾಯಿ ಮಗು ಇಬ್ಬರೂ ಇರುತ್ತಿರಲಿಲ್ಲವಂತೆ. ಮಗು ಉಳಿಯುತ್ತದೆ ಎಂದರು. ನಾವು ಉಸಿರು ಬಿಟ್ಟೆವು. ನೀಲಿ ಬಿಡಲಿಲ್ಲ.

ಮನೆಗೆ ಬಂದ ದಿನ ಅವಳು ನೇರ ಜೈಬುನಕ್ಕನ ಮನೆಗೆ ಹೋಗಿ ಕೈ ಚಾಚಿದಳು.

"ನಮ್ಮ ಅಗುಳಿ ಕೊಡಕ್ಕ."

"ಹೆಸರಿಟ್ಟಿಲ್ಲವಲ್ಲೇ ತಾಯಿ, ಈಗ್ಲೇ ಯಾಕೆ?"

"ನಾನು ಅಳ್ತಿದ್ದೆ, ನೀವು ಚಪ್ಪಾಳೆ ಹೊಡೆದ್ರಿ. ಇನ್ನ ನಂಗೆ ಯಾರೂ ಬ್ಯಾಡ."

ಹೆಸರಿಡುವ ಮೊದಲು ಬಾಗಿಲಿಗೆ ಅಗುಳಿ ಬಿದ್ದ ಸದ್ದನ್ನು ನಮ್ಮ ಓಣಿ ಎಂದೂ ಕೇಳಿರಲಿಲ್ಲ. ಬಾಣಂತಿ ಎಂದರೆ 'ಬಾ' ಅಂತಾಳೆ ಎಂದು ನಾನು ಎಲ್ಲರಿಗೂ ಹೇಳಿ ನಗಿಸುತ್ತಿದ್ದೆ. ಈ ಬಾಣಂತಿ ಬಾ ಅನ್ನಲಿಲ್ಲ. ಇಟ್ಟ ಅಡುಗೆ ಹೊಸ್ತಿಲಲ್ಲೇ ಆರಿತು. ಕೂರಾಳು ಜಗಲಿಯ ಮೇಲೆ ಕೂತು ಅತ್ತಳು. ನೀಲಿ ಮಗುವನ್ನು ನೋಡಲು ಒಬ್ಬಳೇ ಹೋಗುತ್ತಿದ್ದಳು, ಒಬ್ಬಳೇ ಬರುತ್ತಿದ್ದಳು, ಒಂದು ತುತ್ತೂ ಸರಿಯಾಗಿ ಉಣ್ಣುತ್ತಿರಲಿಲ್ಲ. ಚನ್ನವೀರ ನನ್ನ ಹತ್ತಿರ ಬಂದು, "ಅಜ್ಜ, ಏನಾರ ಮಾಡು, ಕಣ್ಮುಂದೆ ಸೊರಗಿ ಹೋಗ್ತಾಳೆ" ಎಂದು ಕೈ ಮುಗಿದ.

"ಹಳೇ ಕಾಲ್ದೋರು ಹಿಂಗೆ ಹುಡುಗಾಟ ಮಾಡ್ತಿರ್ಲಿಲ್ಲ ಬಿಡು," ಎಂದಳು ಜೈಬುನಕ್ಕ. "ನೋವು ಅಂದ್ರೆ ನಂಬ್ತಿದ್ರು. ಹೋಗಿ ಕೇಳ್ಕೊಂಡು ಬಾ, ಅವರು ಹೆಂಗೆ ಬರ್ತಿದ್ರು ಅಂತ. ಹಂಗೇ ಬರ್ತೀವಿ ಅಂತ ನೀಲಿಗೆ ಮಾತು ಕೊಡಾಣ."

ನಾನು ಧ್ವನಿಮನೆಗೆ ಹೋದೆ. ನೀವು ಫೋನಿನಲ್ಲಿ ಒಬ್ಬರಿಗೊಬ್ಬರು ಕಳಿಸಿದ ಮಾತುಗಳನ್ನೆಲ್ಲ ಅಲ್ಲಿ ಕಾಪಿಟ್ಟಿದ್ದಾರೆ. ನಿಮ್ಮ ಕಾಲದ ಬಸುರಿಯರ ದನಿ ಬೇಕು, ಅದೂ ನಮ್ಮ ಊರಿನದು ಎಂದೆ. ಒಂದನ್ನು ಹಾಕಿದರು. ಗೆಳತಿಗೆ ಕಳಿಸಿದ್ದು.

"ಬೆಳಗ್ಗೆಯಿಂದ ಶುರುವಾಗೈತೆ ಕಣೇ. ಇವ್ರಿಗೆ ಫೋನ್ ಮಾಡಿಲ್ಲ, ಕೆಲ್ಸದಾಗೆ ಇರ್ತಾರೆ. ಪಕ್ಕದ ಮನೆ ಆಂಟಿ ಅದಾರೆ, ಟಿವಿ ಸದ್ದು ಕೇಳ್ತೈತೆ. ಸುಮ್ನೆ ಯಾಕೆ ಅವ್ರಿಗೆ ತೊಂದ್ರೆ ಅಂತ... ಗೋಡೆ ಹಿಡ್ಕೊಂಡು ನಿಂತ್ರೆ ತಡ್ಕೋಬೋದು. ಹಾಂ... ಹಾಂ... ಏನಿಲ್ಲ, ಏನಿಲ್ಲ. ಸ್ವಲ್ಪ ಜಾಸ್ತಿ ಆಯ್ತು ಈಗ. ಇಡ್ತೀನಿ."

ಅಷ್ಟೇ. ಮುಂದೆ ಇಲ್ಲ. ನಾನು ಹಿಂದೆ ತಿರುಗಿ ನೋಡಿದೆ, ಯಾರೋ ನನ್ನನ್ನು ಬೇಸ್ತು ಬೀಳಿಸಲು ಬಾಯಿ ಮುಚ್ಚಿಕೊಂಡು ನಗುತ್ತಿರಬೇಕು ಎಂದುಕೊಂಡು. ಯಾರೂ ಇರಲಿಲ್ಲ. ಮತ್ತೆ ಹಾಕಿಸಿದೆ. ಗೋಡೆಯ ಈಚೆ ಅವಳು, ಗೋಡೆಯ ಆಚೆ ಟಿವಿ. ಗೋಡೆ ಹಿಡಿದು ನಿಂತಿದ್ದಾಳೆ, ಬಡಿಯುತ್ತಿಲ್ಲ! ಇದೊಂದೇನಾ ಎಂದು ಕೇಳಿದೆ. ಧ್ವನಿಮನೆಯ ಹುಡುಗಿ ಕಪಾಟು ತೋರಿಸಿದಳು. ಗೋಡೆ ತುಂಬ ಕಪಾಟು. ನೀವು ನಮಗಿಂತ ಒಳ್ಳೆಯವರು ಎಂದು ನಂಬಿ ನಿಮ್ಮನ್ನು ನೋಡಿ ಕಲಿಯಲು ಹೋಗಿದ್ದೆ ನಾನು.

ಆ ದನಿಯನ್ನು ತಂದು ನೀಲಿಯ ಕಿಟಕಿಯ ಕೆಳಗೆ ನಿಂತು ಕೇಳಿಸಿದೆ. ಯಾವ ನೆಪವನ್ನೂ ಹೇಳಲಿಲ್ಲ. ನಾವು ನಕ್ಕದ್ದು ತಪ್ಪು ಎಂದೆ, ಅಷ್ಟೇ. ಎರಡು ಸಲ ಕೇಳಿಸಿಕೊಂಡು ಅವಳು ಕಿಟಕಿ ತೆಗೆದಳು.

"ಅಜ್ಜ, ಆಮ್ಯಾಕೆ ಏನಾತು?"

"ಗೊತ್ತಿಲ್ಲವ್ವ."

"ತೊಂದ್ರೆ ಅಂದ್ಲಲ್ಲ, ಯಾರಿಗೆ ತೊಂದ್ರೆ?"

"ಬರೋರಿಗಂತೆ."

"ನೀವು ನಕ್ಕಿದ್ದು ನಾನು ಮರೆಯಂಗಿಲ್ಲ," ಎಂದಳು. "ಆದ್ರೆ ಆಕೀಗೆ ನಗಾಕಾದ್ರೂ ಯಾರೂ ಬರ್ಲಿಲ್ಲ. ನಾನು ಜೈಬುನಕ್ಕನ ಜೊತಿ ಮಗು ನೋಡಾಕೆ ಹೋಗ್ತೀನಿ. ನೀನು ಆಕೀ ಹತ್ರ ಹೋಗು."

"ಅದು ಹೆಂಗಾಗತೈತೆ? ಆಕಿ ಇದ್ದದ್ದು ಯಾವ ಕಾಲದಾಗೋ..."

"ಊರಿಗೆಲ್ಲ ಸುಳ್ಳು ಮುಟ್ಟಿಸ್ತೀಯ, ಇದೊಂದು ನಿಜ ಮುಟ್ಸಾಕೆ ಆಗಲ್ವಾ?"

ಅದಕ್ಕೇ ಈ ಕಾಗದ. ಆಕೆಯ ಹೆಸರು ನನಗೆ ಗೊತ್ತಿಲ್ಲ. ದನಿಯ ಹಿಂದೆ ಕುಕ್ಕರ್ ಕೂಗುತ್ತದೆ, ತಳ್ಳುಗಾಡಿಯವನು ಸೊಪ್ಪು ಎನ್ನುತ್ತಾನೆ. ನಿಮ್ಮ ಕಾಲದಲ್ಲಿ ಎಲ್ಲ ಓಣಿಯಲ್ಲೂ ಅದೇ ಸದ್ದಂತೆ, ಹಾಗಾದರೆ ಅದು ನಿಮ್ಮ ಓಣಿಯೇ. ನನಗೆ ಅದು ಮುಗಿದ ಬೆಳಗು, ನಿಮಗೆ ಇನ್ನೂ ಬರಬೇಕಾದದ್ದು; ಇವತ್ತೇ ಇದ್ದರೂ ಇರಬಹುದು. ಆಕೆ ಕರೆಯುವುದಿಲ್ಲ, ಕರೆಯಲಿ ಎಂದು ಕಾಯಬೇಡಿ. ಬಾಗಿಲು ತಟ್ಟಿದರೆ ಏನಿಲ್ಲ ಎನ್ನುತ್ತಾಳೆ. ನಾನು ಜೀವಮಾನವೆಲ್ಲ ಸುಳ್ಳು ಹೇಳಿದವನು, ಸುಳ್ಳಿನ ದನಿ ನನಗೆ ಚೆನ್ನಾಗಿ ಗೊತ್ತು. ಅವಳ 'ಏನಿಲ್ಲ' ಸುಳ್ಳು. ನಿಜವೋ ಹುಸಿಯೋ ಎಂದು ಬಾಗಿಲಲ್ಲೇ ನಿಂತು ವಿಚಾರಣೆ ಮಾಡಬೇಡಿ, ಒಳಗೆ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ಹುಸಿಯಾದರೆ ಒಂದು ಲೋಟ ಕಾಫಿ ಕುಡಿದು ವಾಪಸ್ ಬನ್ನಿ.

ಇನ್ನೂ ಓದುತ್ತಾ ಕೂತಿದ್ದೀರಾ? ಟಿವಿ ಆರಿಸಿ. ಏಳಿ.

ನಿಮ್ಮ ಮುಂದಿನವನು,
ಮುರಿಗೆಪ್ಪ