ನಿಕೋಟಿನ್ ಪ್ರಶ್ನೆಯ ಸರಿ ಉತ್ತರಕ್ಕೆ ಕೃಪಾಂಕವೇಕೆ?

ಮಾನ್ಯ ಪರೀಕ್ಷಾಧಿಕಾರಿಗಳೇ,

ನಿಮ್ಮ ಉತ್ತರಸೂಚಿ ತಪ್ಪಾಗಿದೆ. ಇದನ್ನು ನಿಮ್ಮ ಕಚೇರಿಯಲ್ಲಿ ಮೆತ್ತಗೆ ಹೇಳಿ ನೋಡಿದೆ, ಅರ್ಜಿಯಲ್ಲಿ ಬರೆದು ನೋಡಿದೆ. ಇನ್ನು ಊರೆಲ್ಲ ಕೇಳುವಂತೆ ಹೇಳುತ್ತಿದ್ದೇನೆ.

ಬಿ.ಎಸ್ಸಿ. ಕೊನೆಯ ಸೆಮಿಸ್ಟರಿನ ರಸಾಯನಶಾಸ್ತ್ರದಲ್ಲಿ ನೀವೇ ಕೇಳಿದ ಪ್ರಶ್ನೆ ಇದು: ಹೊಗೆಸೊಪ್ಪಿನ ನಿಕೋಟಿನ್‌ನಲ್ಲಿ ಸಾರಜನಕವಿರುವ ಎರಡು ಉಂಗುರಗಳಿವೆ, ಒಂದಕ್ಕೆ ಐದು ಮೂಲೆ, ಇನ್ನೊಂದಕ್ಕೆ ಆರು. ಎರಡೂ ಒಂದೊಂದು ಪ್ರೋಟಾನ್ ಹಿಡಿದಿದ್ದರೆ ಅದನ್ನು ಸುಲಭವಾಗಿ ಬಿಟ್ಟುಕೊಡುವುದು, ಎಂದರೆ ಹೆಚ್ಚು ಆಮ್ಲೀಯವಾದುದು, ಯಾವುದು? ಅಂದಾಜಿಸಿ, ಕಾರಣ ಕೊಡಿ. ಒಳ್ಳೆಯ ಪ್ರಶ್ನೆ. ಉತ್ತರ ಮಾತ್ರ ಕೇಳಿದವರಿಗೇ ಗೊತ್ತಿಲ್ಲ! ಆರು ಮೂಲೆಯ ಉಂಗುರದ ಸಾರಜನಕ ತನ್ನ ಇಲೆಕ್ಟ್ರಾನ್ ಜೋಡಿಯನ್ನು ತನ್ನ ಕಡೆಗೇ ಬಿಗಿಯಾಗಿ ಎಳೆದುಕೊಂಡಿರುತ್ತದೆ. ಪ್ರೋಟಾನನ್ನು ಹಿಡಿಯಬೇಕಾದದ್ದು ಆ ಜೋಡಿಯೇ, ಹಾಗಾಗಿ ಬಂದ ಪ್ರೋಟಾನಿನ ಮೇಲೆ ಅದರ ಹಿಡಿತ ಸಡಿಲ. ಬಿಟ್ಟುಕೊಡುವುದು ಅದೇ. ನಿಮ್ಮ ಸೂಚಿ ಐದು ಮೂಲೆಯದು ಎನ್ನುತ್ತದೆ. ಕಾರಣ? ಆರರದ್ದು ‘ಸ್ಥಿರವಾದ ಉಂಗುರ’ವಂತೆ, ಆದ್ದರಿಂದ ಎಲ್ಲವನ್ನೂ ಗಟ್ಟಿಯಾಗಿ ಹಿಡಿದಿರುತ್ತದಂತೆ. ಸ್ಥಿರವಾಗಿ ಕೂತವರು ಏನನ್ನೂ ಬಿಟ್ಟುಕೊಡುವುದಿಲ್ಲ ಎಂಬುದು ಕಚೇರಿಯ ಅನುಭವವಿರಬಹುದು, ರಸಾಯನಶಾಸ್ತ್ರವಲ್ಲ.

ನನ್ನ ವಿದ್ಯಾರ್ಥಿನಿ ರೂಪಶ್ರೀ ಸರಿಯಾಗಿಯೇ ಬರೆದಳು. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ಮನೆಯ ಹುಡುಗಿ. ಕಾರಣದ ಜೊತೆಗೊಂದು ಉದಾಹರಣೆಯನ್ನೂ ಕೊಟ್ಟಳು. ಅವಳ ಅಜ್ಜಿ ಪುಟ್ಟಮಲ್ಲಮ್ಮ ಹೊಗೆಸೊಪ್ಪಿಗೆ ಸುಣ್ಣ ತೀಡಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಸೊಪ್ಪಿನ ಅಲ್ಪಸ್ವಲ್ಪ ಹುಳಿಯಲ್ಲಿ ಆರು ಮೂಲೆಯ ಉಂಗುರ ಆಗಲೇ ಪ್ರೋಟಾನನ್ನು ಬಿಟ್ಟಾಗಿದೆ. ಐದರದ್ದು ಮಾತ್ರ ಹಿಡಿದುಕೊಂಡಿರುತ್ತದೆ. ಅದನ್ನು ಬಿಡಿಸಲು ಸುಣ್ಣದಂಥ ಕ್ಷಾರ ಬೇಕು, ಆಮೇಲೇ ಸೊಪ್ಪು ತಲೆಗೇರುವುದು. ಮೌಲ್ಯಮಾಪಕರು ಇದರ ಮೇಲೆ ಕೆಂಪು ಗೆರೆ ಎಳೆದು, ‘ಅಪ್ರಸ್ತುತ, ಅಸಭ್ಯ’ ಎಂದು ಬರೆದು, ಸೊನ್ನೆ ಸುತ್ತಿದರು. ಪ್ರಶ್ನೆಯಲ್ಲಿ ಸಭ್ಯವಾಗಿದ್ದ ಹೊಗೆಸೊಪ್ಪು ಉತ್ತರಕ್ಕೆ ಬಂದೊಡನೆ ಕೆಟ್ಟುಹೋಯಿತೇ?

ಆ ಸೊನ್ನೆಯಿಂದ ಎಂ.ಎಸ್ಸಿ. ಸೀಟಿಗೆ ಬೇಕಾದ ಅಂಕ ಅವಳಿಗೆ ಸಾಲದೆ ಹೋಯಿತು. ಮರುಮೌಲ್ಯಮಾಪನ ಅದೇ ತಪ್ಪು ಸೂಚಿ ಹಿಡಿದು ನಡೆಯಿತು. ಕೊನೆಗೆ ನೀವು ದೊಡ್ಡ ಮನಸ್ಸು ಮಾಡಿ ಕೃಪಾಂಕ ಕೊಟ್ಟಿರಿ. “ಕೊಟ್ಟಾಯ್ತಲ್ರೀ ಮೇಷ್ಟ್ರೇ, ಇನ್ನೂ ಏನ್ರೀ ನಿಮ್ದು?” ಎಂದರು ನಿಮ್ಮ ಗುಮಾಸ್ತರು. ಸೀಟು ಹಂಚುವಾಗ ಕೃಪಾಂಕ ಲೆಕ್ಕಕ್ಕಿಲ್ಲ ಎಂಬ ನಿಯಮ ಮಾಡಿದವರೂ ನೀವೇ ಅಲ್ಲವೇ? ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಳ್ಳುವುದಕ್ಕೆ ನಾವು ಕೃತಜ್ಞರಾಗಿರಬೇಕೇ? ರೂಪಶ್ರೀ ಕೇಳಿದ್ದು ಇಷ್ಟೇ: “ಗ್ರೇಸ್ ಯಾಕ್ ಸಾ ನಂಗೆ? ಬರ್ದಿರೋದು ಸರಿಯಾಗದೆ ಅಂತ ಒಪ್ಕಂಡ್ರೆ ಸಾಕು ಬುಡಿ.”

ನನ್ನ ಬೇಡಿಕೆಯೂ ಅದೇ. ಕೃಪೆ ಬೇಡ. ಸೂಚಿ ತಿದ್ದಿ, ಆ ಒಂದು ಪ್ರಶ್ನೆಗೆ ಎಲ್ಲರ ಉತ್ತರವನ್ನೂ ಮತ್ತೆ ನೋಡಿಸಿ, ಅದೂ ಸೀಟು ಹಂಚಿಕೆ ಮುಗಿಯುವ ಮೊದಲು. ಆಮೇಲೆ ತಿದ್ದಿದರೆ ಅದು ನಿಮ್ಮ ಕಡತಕ್ಕೆ ಚೆಂದ, ಅವಳಿಗೆ ಏನೂ ಇಲ್ಲ.

ನಿನ್ನೆ ಹೊಸ ತರಗತಿಗೆ ಅದೇ ಪಾಠ ಮಾಡಿದೆ. ಸುದ್ದಿ ಎಲ್ಲರಿಗೂ ಗೊತ್ತಿದೆ. ಸುಧಾ ಎಂಬ ಹುಡುಗಿ ಎದ್ದು ನಿಂತು ಕೇಳಿದಳು: “ಸಾ, ಎಕ್ಸಾಮಲ್ಲಿ ಸರಿಯಾಗಿರೋದ್ ಬರೀಬೇಕಾ, ಇಲ್ಲಾ ಅವ್ರ ಕೀ ಆನ್ಸರಲ್ಲಿ ಇರೋದಾ?” ಅವಳ ಪ್ರಶ್ನೆಯನ್ನು ಸೀಮೆಸುಣ್ಣದಲ್ಲಿ ಹಾಗೇ ಬರೆದಿಟ್ಟೆ. ಅವಳಿಗೆ ಉತ್ತರ ನೀವೇ ಬರೆದು ಕಳಿಸಿ. ಬೋರ್ಡಿನ ಮೇಲೆ ಜಾಗ ಬಿಟ್ಟಿದ್ದೇನೆ.

ಇಂತಿ,
ಸರಿ ಉತ್ತರ ಕಲಿಸಿ ವಿದ್ಯಾರ್ಥಿನಿಯ ಸೀಟು ಕಳೆಯುತ್ತಿರುವ
ಹುಣಸೂರಿನ ಒಬ್ಬ ರಸಾಯನಶಾಸ್ತ್ರದ ಮೇಷ್ಟ್ರು